ಪರಂಪರೆಯ ತಾಣಗಳು ಮತ್ತು ಸ್ಥಳೀಯ ವ್ಯಾಪಾರ: ಬಳ್ಳಾರಿ ಜಿಲ್ಲೆಗೊಂದು ಲೆಕ್ಕಾಚಾರ

ವಿಜಯನಗರ ಜಿಲ್ಲೆಯು 2021ರ ಫೆಬ್ರುವರಿಯಲ್ಲಿ ಅಧಿಸೂಚಿತವಾಗಿ, ಅದೇ ವರ್ಷದ ಅಕ್ಟೋಬರ್ 2ರಂದು ಉದ್ಘಾಟನೆಗೊಂಡಿತು. ಅಂದಿನಿಂದ ಹಂಪಿಯು ಬಳ್ಳಾರಿ ಜಿಲ್ಲೆಯ ಗಡಿಯಿಂದ ಹೊರಗುಳಿದಿದೆ. ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಸಂಡೂರು ಮತ್ತು ಕಂಪ್ಲಿ ಎಂಬ ಐದು ತಾಲ್ಲೂಕುಗಳು ನಮ್ಮಲ್ಲಿ ಉಳಿದಿವೆ. ಈ ಬದಲಾವಣೆಯ ನಂತರ ವ್ಯಾಪಾರಿ ಬಂಧುಗಳಲ್ಲಿ ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುತ್ತಿವೆ. ಹಂಪಿಯೊಂದಿಗೆ ಪ್ರವಾಸೋದ್ಯಮವೂ ಹೋಯಿತು, ಇನ್ನು ನಮಗೆ ಅದರ ಗೊಡವೆ ಬೇಡ ಎಂಬುದು ಮೊದಲನೆಯದು. ಸರ್ಕಾರ ನಾಲ್ಕು ಫಲಕ ಹಾಕಿ ರಸ್ತೆ ಮಾಡಿಕೊಟ್ಟರೆ ಜನ ತಾವಾಗಿಯೇ ಬರುತ್ತಾರೆ, ಒಂದು ವಸತಿಗೃಹ ಕಟ್ಟಿದರೆ ಸಾಕು ಎಂಬುದು ಎರಡನೆಯದು. ಲೆಕ್ಕಪರಿಶೋಧಕನ ದೃಷ್ಟಿಯಿಂದ ನೋಡಿದಾಗ ಈ ಎರಡೂ ಅಭಿಪ್ರಾಯಗಳು ಅಂಕಿಗಳ ಆಧಾರವಿಲ್ಲದವು.

ಪರಂಪರೆಯ ತಾಣವೊಂದು ಸ್ಥಳೀಯ ವ್ಯಾಪಾರಿಗೆ ಆದಾಯ ತರುವುದು ಯಾವ ಮಾರ್ಗದಿಂದ, ಅದರಲ್ಲಿ ಬಂಡವಾಳ ಹೂಡುವ ಮೊದಲು ಏನನ್ನು ಲೆಕ್ಕ ಹಾಕಬೇಕು, ಕಾನೂನು ಎಲ್ಲಿ ಅಡ್ಡ ನಿಲ್ಲುತ್ತದೆ ಎಂಬ ಮೂರು ವಿಷಯಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

1. ನಮ್ಮಲ್ಲಿರುವ ಆಸ್ತಿಯ ಪಟ್ಟಿ

ಯಾವುದೇ ಲೆಕ್ಕವನ್ನು ಆರಂಭಿಸುವ ಮೊದಲು ದಾಸ್ತಾನು ಪರಿಶೀಲನೆ ಆಗಬೇಕು. ಜಿಲ್ಲೆಯಲ್ಲಿ ಉಳಿದಿರುವ ಮುಖ್ಯ ತಾಣಗಳನ್ನು ಹೀಗೆ ಪಟ್ಟಿ ಮಾಡಬಹುದು.

ಅ) ಬಳ್ಳಾರಿ ಕೋಟೆ. ನಗರದ ನಡುವೆಯೇ ಇರುವ ಬಳ್ಳಾರಿ ಗುಡ್ಡದ ಮೇಲುಕೋಟೆಯು ವಿಜಯನಗರದ ಸಾಮಂತನಾಗಿದ್ದ ಹನುಮಪ್ಪ ನಾಯಕನ ಕಾಲದ್ದೆಂದು ಹೇಳಲಾಗುತ್ತದೆ. ಕೆಳಕೋಟೆಯು 18ನೇ ಶತಮಾನದಲ್ಲಿ ಹೈದರ್ ಅಲಿಯ ಕಾಲದಲ್ಲಿ ಫ್ರೆಂಚ್ ಎಂಜಿನಿಯರೊಬ್ಬನ ನೆರವಿನಿಂದ ನಿರ್ಮಾಣವಾಯಿತು. ಎದುರಿನ ಕುಂಬಾರ ಗುಡ್ಡವು ಕೋಟೆಗಿಂತ ಎತ್ತರವಾಗಿರುವುದನ್ನು ಗಮನಿಸದೆ ಕಟ್ಟಿದನೆಂಬ ಕಾರಣಕ್ಕೆ ಆ ಎಂಜಿನಿಯರನನ್ನು ಗಲ್ಲಿಗೇರಿಸಲಾಯಿತೆಂಬ ಪ್ರತೀತಿಯನ್ನು ನಮ್ಮ ಊರಿನ ಮಕ್ಕಳೂ ಬಲ್ಲರು.

ಆ) ಸಂಗನಕಲ್ಲು ಮತ್ತು ಕಪ್ಪಗಲ್ಲು. ನಗರದ ಹೊರವಲಯದಲ್ಲಿಯೇ ಇರುವ ಈ ಗುಡ್ಡಗಳ ಸಾಲಿನಲ್ಲಿ ನವಶಿಲಾಯುಗದ ಜನವಸತಿಯ ಕುರುಹುಗಳಿವೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲಿಯೇ ಈ ಪ್ರದೇಶವನ್ನು ಗುರುತಿಸಿದ್ದರು. 1940ರ ದಶಕದಲ್ಲಿ ಬಿ. ಸುಬ್ಬರಾವ್ ಅವರು ಇಲ್ಲಿ ಉತ್ಖನನ ನಡೆಸಿದರು. ಮುಂದೆ ಪ್ರಾಧ್ಯಾಪಕ ರವಿ ಕೋರಿಶೆಟ್ಟರ್ ಮತ್ತು ಅವರ ಸಹವರ್ತಿಗಳು ವಿಸ್ತೃತ ಅಧ್ಯಯನ ಕೈಗೊಂಡರು. ಹಿರೇಗುಡ್ಡದ ಕಪ್ಪು ಕಲ್ಲಿನ ಪಟ್ಟೆಯಿಂದ ಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲಾಗುತ್ತಿತ್ತು. ಸಣ್ಣ ಕೈಗಾರಿಕೋದ್ಯಮಿಗಳಾದ ಸದಸ್ಯರು ಗಮನಿಸಬೇಕಾದ ಸಂಗತಿಯಿದು: ಸುಮಾರು 3,500 ವರ್ಷಗಳ ಹಿಂದೆಯೇ ಈ ಊರಿನ ಹೊರವಲಯದಲ್ಲಿ ಕಚ್ಚಾ ವಸ್ತು, ಕುಶಲ ಕೆಲಸಗಾರರು ಮತ್ತು ಊರಾಚೆಯ ಗಿರಾಕಿಗಳನ್ನು ಹೊಂದಿದ್ದ ಉತ್ಪಾದನಾ ಕೇಂದ್ರವೊಂದಿತ್ತು. ಬಡಿದರೆ ಗಂಟೆಯಂತೆ ನಾದ ಹೊಮ್ಮಿಸುವ ಬಂಡೆಗಳು ಮತ್ತು ಬಂಡೆಯ ಮೇಲೆ ಕುಟ್ಟಿ ಬಿಡಿಸಿದ ಚಿತ್ರಗಳು ಇಲ್ಲಿಯ ವಿಶೇಷ. ಇಲ್ಲಿ ದೊರೆತ ವಸ್ತುಗಳನ್ನು ಬಳ್ಳಾರಿ ನಗರದಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಇ) ಕುರುಗೋಡು. ಸಿಂದ ಮನೆತನದ ಅರಸರ ರಾಜಧಾನಿಯಾಗಿದ್ದ ಈ ಊರಿನಲ್ಲಿ ಏಕಶಿಲೆಯ ಬೃಹತ್ ನಂದಿಯುಳ್ಳ ದೊಡ್ಡಬಸವೇಶ್ವರ ದೇವಾಲಯವಿದೆ. ಬೆಟ್ಟದ ತಪ್ಪಲಿನಲ್ಲಿ ಕಲ್ಯಾಣ ಚಾಲುಕ್ಯ ಶೈಲಿಯ ಹಳೆಯ ಗುಡಿಗಳಿವೆ.

ಈ) ಸಿರುಗುಪ್ಪ ತಾಲ್ಲೂಕು. ನಿಟ್ಟೂರು ಮತ್ತು ಉಡೇಗೋಳಂ ಗ್ರಾಮಗಳಲ್ಲಿ ಅಶೋಕ ಚಕ್ರವರ್ತಿಯ ಬಂಡೆಶಾಸನಗಳಿವೆ. ಅಶೋಕನ ಬಹುತೇಕ ಶಾಸನಗಳಲ್ಲಿ ಬಿರುದು ಮಾತ್ರ ಇರುತ್ತದೆ. ಆತನ ಹೆಸರನ್ನೇ ಹೇಳುವ ಶಾಸನಗಳು ಬೆರಳೆಣಿಕೆಯಷ್ಟಿದ್ದು, ಮಸ್ಕಿ ಮತ್ತು ಗುಜರ್ರಾ ಜೊತೆಗೆ ಈ ಎರಡು ಗ್ರಾಮಗಳೂ ಆ ಸಾಲಿನಲ್ಲಿವೆ. ಇದೇ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಮತ್ತು ಕೆ. ಸಿ. ಮಲ್ಹೋತ್ರಾ ಅವರು ನವಶಿಲಾಯುಗದ ನೆಲೆಯನ್ನು ಉತ್ಖನನ ಮಾಡಿದರು.

ಉ) ಸಂಡೂರು. ಬೆಟ್ಟಗಳ ನಡುವಿನ ಕುಮಾರಸ್ವಾಮಿ ಹಾಗೂ ಪಾರ್ವತಿ ದೇವಾಲಯಗಳು, ಮಳೆಗಾಲದ ಹಸಿರು, ಮತ್ತು ಭೌಗೋಳಿಕ ಸೂಚಕದ ಮನ್ನಣೆ ಪಡೆದ ಸಂಡೂರು ಲಂಬಾಣಿ ಕಸೂತಿ.

ಪಟ್ಟಿ ಚಿಕ್ಕದಲ್ಲ. ಆದರೆ ಆಸ್ತಿ ಇರುವುದು ಬೇರೆ, ಆಸ್ತಿಯಿಂದ ಆದಾಯ ಬರುವುದು ಬೇರೆ.

2. ಆದಾಯ ಬರುವುದು ಗಂಟೆಗಳಿಂದ

ಮೇಲಿನ ಆಸ್ತಿಗಳಲ್ಲಿ ಯಾವುದೂ ವ್ಯಾಪಾರಿಯ ಹೆಸರಿನಲ್ಲಿಲ್ಲ. ಕೋಟೆಗೆ ಪ್ರವೇಶ ಶುಲ್ಕವಿದ್ದರೆ ಅದು ಇಲಾಖೆಗೆ ಸೇರುತ್ತದೆ, ದೇವಾಲಯದ ಹುಂಡಿ ದೇವಾಲಯಕ್ಕೆ ಸೇರುತ್ತದೆ. ವ್ಯಾಪಾರಿಗೆ ಸೇರುವುದು ಸಂದರ್ಶಕನು ಊರಿನಲ್ಲಿ ಕಳೆಯುವ ವೇಳೆಯಲ್ಲಿ ಮಾಡುವ ಖರ್ಚು ಮಾತ್ರ. ಆದ್ದರಿಂದ ‘ಎಷ್ಟು ಜನ ಬಂದರು’ ಎಂಬ ಪ್ರಶ್ನೆಗಿಂತ ‘ಬಂದವರು ಎಷ್ಟು ಗಂಟೆ ನಿಂತರು’ ಎಂಬ ಪ್ರಶ್ನೆಯೇ ನಮಗೆ ಮುಖ್ಯವಾಗಬೇಕು.

ಇದನ್ನು ಹೀಗೆ ವಿಂಗಡಿಸಬಹುದು. ಒಂದು ಗಂಟೆ ನಿಲ್ಲುವವನು ಚಹಾ ಕುಡಿದು, ನೀರಿನ ಬಾಟಲಿ ಕೊಂಡು ಮುಂದೆ ಹೋಗುತ್ತಾನೆ. ಮೂರು ನಾಲ್ಕು ಗಂಟೆ ನಿಲ್ಲುವವನು ಒಂದು ಹೊತ್ತಿನ ಊಟ ಮಾಡುತ್ತಾನೆ, ವಾಹನಕ್ಕೆ ಇಂಧನ ತುಂಬಿಸುತ್ತಾನೆ, ಮನೆಗೆ ಏನಾದರೂ ಕೊಂಡೊಯ್ಯಲು ಅವನಿಗೆ ವ್ಯವಧಾನವಿರುತ್ತದೆ. ರಾತ್ರಿ ತಂಗುವವನು ಇವೆಲ್ಲದರ ಜೊತೆಗೆ ಕೋಣೆ, ಎರಡನೆಯ ಊಟ, ಬೆಳಗಿನ ಉಪಾಹಾರ ಮತ್ತು ಸ್ಥಳೀಯ ಆಟೋ ಅಥವಾ ಟ್ಯಾಕ್ಸಿಗೆ ಹಣ ಕೊಡುತ್ತಾನೆ. ಹತ್ತು ಬಸ್ಸುಗಳು ಬಂದು ಅರ್ಧ ಗಂಟೆಯಲ್ಲಿ ಹೊರಟುಹೋದರೆ ಊರಿಗೆ ಉಳಿಯುವುದು ಕಸ ಮಾತ್ರ. ಎರಡು ಕುಟುಂಬಗಳು ಮಧ್ಯಾಹ್ನದವರೆಗೆ ನಿಂತರೆ ನಾಲ್ಕು ಅಂಗಡಿಗಳಿಗೆ ವ್ಯಾಪಾರವಾಗುತ್ತದೆ.

ಬ್ಯಾಂಕ್ ಸಾಲಕ್ಕಾಗಿ ಸಿದ್ಧಪಡಿಸುವ ಯೋಜನಾ ವರದಿಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷ ಇಲ್ಲಿಯೇ ಇದೆ. ಹಂಪಿಗೆ ವರ್ಷಕ್ಕೆ ಬರುವ ಸಂದರ್ಶಕರ ಸಂಖ್ಯೆಯನ್ನು ಬರೆದು, ಅದರಲ್ಲಿ ಶೇಕಡಾ ಇಷ್ಟು ಮಂದಿ ಬಳ್ಳಾರಿಗೂ ಬರುತ್ತಾರೆಂದು ಊಹಿಸಿ, ಅದರ ಮೇಲೆ ಐದು ವರ್ಷಗಳ ಲಾಭವನ್ನು ತೋರಿಸಲಾಗುತ್ತದೆ. ಹಂಪಿಗೆ ಬಂದವನು 60 ಕಿಲೋಮೀಟರಿಗೂ ಹೆಚ್ಚು ದೂರ ಬಂದು ಅರ್ಧ ದಿನವನ್ನು ಬಳ್ಳಾರಿಯಲ್ಲಿ ಏಕೆ ಕಳೆಯಬೇಕು ಎಂಬುದಕ್ಕೆ ಆ ವರದಿಗಳಲ್ಲಿ ಉತ್ತರವಿರುವುದಿಲ್ಲ. ಉತ್ತರ ಇಲ್ಲದೇ ಇಲ್ಲ: ಸಂಗನಕಲ್ಲು, ವಸ್ತುಸಂಗ್ರಹಾಲಯ ಮತ್ತು ಕೋಟೆ ಈ ಮೂರನ್ನು ಒಂದು ಬೆಳಗಿನಲ್ಲಿ ಕ್ರಮವಾಗಿ ನೋಡುವ ವ್ಯವಸ್ಥೆಯಾದರೆ ಅದು ಹಂಪಿಯಲ್ಲಿ ದೊರೆಯದ ಅನುಭವ. ವಿಜಯನಗರಕ್ಕಿಂತ ಮೂರು ಸಾವಿರ ವರ್ಷ ಹಿಂದಿನ ಬದುಕನ್ನು ತೋರಿಸಲು ಬಳ್ಳಾರಿಗೆ ಸಾಧ್ಯವಿದೆ. ಆದರೆ ಆ ವ್ಯವಸ್ಥೆಯನ್ನು ಯಾರಾದರೂ ಮಾಡಬೇಕು.

3. ಇಂಗ್ಲೆಂಡಿನ ಒಂದು ಗ್ರಾಮೀಣ ಕೌಂಟಿಯ ಪಾಠ

ಈ ವಿಷಯದಲ್ಲಿ ನಮಗೆ ಹೋಲಿಕೆಯಾಗಬಲ್ಲ ಒಂದು ಪ್ರದೇಶ ಇಂಗ್ಲೆಂಡಿನ ಶ್ರಾಪ್‌ಷೈರ್ ಕೌಂಟಿಯಲ್ಲಿದೆ. ಹೊಲಗದ್ದೆಗಳೇ ಹೆಚ್ಚಾಗಿರುವ ಆ ಕೌಂಟಿಯ ಸೆವರ್ನ್ ನದಿಯ ಕಣಿವೆಯೊಂದರಲ್ಲಿ 1709ರಲ್ಲಿ ಅಬ್ರಹಾಂ ಡಾರ್ಬಿಯು ಕೋಕ್ ಇಂಧನ ಬಳಸಿ ಕಬ್ಬಿಣ ಕರಗಿಸುವ ವಿಧಾನವನ್ನು ಯಶಸ್ವಿಗೊಳಿಸಿದನು. 1779ರಲ್ಲಿ ಅಲ್ಲಿ ಎರಕದ ಕಬ್ಬಿಣದ ಸೇತುವೆಯೊಂದನ್ನು ನಿಲ್ಲಿಸಲಾಯಿತು. ಊರಿಗೆ ಐರನ್‌ಬ್ರಿಜ್ ಎಂದೇ ಹೆಸರಾಯಿತು. ಕಾಲಕ್ರಮೇಣ ಕಬ್ಬಿಣದ ಉದ್ಯಮ ಬೇರೆಡೆಗೆ ಸರಿದು ಕುಲುಮೆಗಳು ಆರಿಹೋದವು. ಅದಿರನ್ನೇ ನಂಬಿದ್ದ ನಮ್ಮ ಜಿಲ್ಲೆಯ ಕಷ್ಟಕ್ಕೂ ಈ ಕಥೆಗೂ ಹೋಲಿಕೆಯಿದೆ.

ಆ ಊರಿನಲ್ಲಿ 1967ರಲ್ಲಿ ವಸ್ತುಸಂಗ್ರಹಾಲಯ ಟ್ರಸ್ಟೊಂದು ಸ್ಥಾಪನೆಯಾಯಿತು. 1986ರಲ್ಲಿ, ಅಂದರೆ ಹಂಪಿಗೆ ವಿಶ್ವ ಪರಂಪರೆಯ ಮನ್ನಣೆ ದೊರೆತ ವರ್ಷವೇ, ಐರನ್‌ಬ್ರಿಜ್ ಕಣಿವೆಗೂ ಅದೇ ಮನ್ನಣೆ ದೊರೆಯಿತು. ಅಲ್ಲಿನ ಬ್ಲಿಸ್ಟ್ಸ್ ಹಿಲ್ ಎಂಬ ತಾಣದಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಪೇಟೆಯೊಂದನ್ನು ಮರುಸೃಷ್ಟಿಸಲಾಗಿದೆ. ಸಂದರ್ಶಕರು ಅಲ್ಲಿಯ ಬ್ಯಾಂಕಿನಲ್ಲಿ ಇಂದಿನ ಹಣ ಕೊಟ್ಟು ಹಳೆಯ ಕಾಲದ ಮಾದರಿಯ ನಾಣ್ಯಗಳನ್ನು ಪಡೆದು, ಆ ನಾಣ್ಯಗಳಿಂದಲೇ ಅಂಗಡಿಗಳಲ್ಲಿ ವ್ಯಾಪಾರ ಮಾಡಬಹುದು. ಮೇಣದಬತ್ತಿ ತಯಾರಕ, ಮುದ್ರಕ, ರೊಟ್ಟಿ ಸುಡುವವನು ಇವರೆಲ್ಲ ಗಿರಾಕಿಯ ಕಣ್ಣೆದುರೇ ಕೆಲಸ ಮಾಡುತ್ತಾರೆ.

ಇದರಿಂದ ನಾವು ಎರಡು ಪಾಠಗಳನ್ನು ಗ್ರಹಿಸಬೇಕು. ಮೊದಲನೆಯದು, ಅಲ್ಲಿ ತೋರಿಸುತ್ತಿರುವುದು ಅರಮನೆಯನ್ನಲ್ಲ, ಉದ್ಯೋಗವನ್ನು. ತಯಾರಿಕೆಯ ಕೆಲಸವೇ ನೋಡುವ ವಸ್ತುವಾದಾಗ ಸಂದರ್ಶಕನು ಹೆಚ್ಚು ಹೊತ್ತು ನಿಲ್ಲುತ್ತಾನೆ, ಕಂಡದ್ದನ್ನು ಕೊಳ್ಳುತ್ತಾನೆ. ಎರಡನೆಯದು, ಇಷ್ಟು ಪ್ರಸಿದ್ಧವಾದ ಸಂಸ್ಥೆಯೂ ಕೇವಲ ಸ್ವಂತ ಗಳಿಕೆಯ ಬಲದ ಮೇಲೆ ನಿಲ್ಲಲಿಲ್ಲ. ಅದರ ತಾಣಗಳನ್ನು ನ್ಯಾಷನಲ್ ಟ್ರಸ್ಟ್ ಎಂಬ ರಾಷ್ಟ್ರಮಟ್ಟದ ಸಂಸ್ಥೆಗೆ ವಹಿಸುವ ನಿರ್ಧಾರ 2025ರಲ್ಲಿ ಪ್ರಕಟವಾಯಿತು. ಅದಕ್ಕಾಗಿ ಅಲ್ಲಿಯ ಸರ್ಕಾರ 90 ಲಕ್ಷ ಪೌಂಡ್ ಅನುದಾನ ಘೋಷಿಸಿತು. ತಾಣದ ಸಂರಕ್ಷಣೆಯ ವೆಚ್ಚವನ್ನು ಸಾರ್ವಜನಿಕ ನಿಧಿ ಹೊರಬೇಕು, ಅದರ ಸುತ್ತಲಿನ ವ್ಯಾಪಾರವನ್ನು ವ್ಯಾಪಾರಿ ಮಾಡಬೇಕು ಎಂಬ ವಿಭಜನೆ ಇದರಿಂದ ಸ್ಪಷ್ಟವಾಗುತ್ತದೆ.

ನಮ್ಮಲ್ಲಿಯೂ ತೋರಿಸಬಹುದಾದ ಉದ್ಯೋಗಗಳಿಗೆ ಕೊರತೆಯಿಲ್ಲ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳು, ಸಿರುಗುಪ್ಪದ ಅಕ್ಕಿ ಗಿರಣಿಗಳು, ಸಂಡೂರಿನ ಕಸೂತಿ ಕೇಂದ್ರ, ಜೋಳದ ರೊಟ್ಟಿ ಮಾಡುವ ಮಹಿಳಾ ಸಂಘಗಳು ಎಲ್ಲವೂ ಜೀವಂತವಾಗಿವೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಕಾರ್ಯಗುಂಪಿನ ಸಭೆ ನಡೆದಾಗ, ಸಂಡೂರು ಕುಶಲಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಸಿದ್ಧಪಡಿಸಿದ 1,755 ಕಸೂತಿ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು. ಕಲೆ ನಮ್ಮ ಜಿಲ್ಲೆಯದು, ಪ್ರದರ್ಶನ ನೆರೆಯ ಜಿಲ್ಲೆಯಲ್ಲಿ. ಇದನ್ನು ದೂರಾಗಿ ಹೇಳುತ್ತಿಲ್ಲ. ಗಿರಾಕಿ ಇರುವಲ್ಲಿಗೆ ಸರಕು ಹೋಗುವುದು ವ್ಯಾಪಾರದ ಧರ್ಮವೇ. ಆದರೆ ಗಿರಾಕಿಯನ್ನು ಸರಕು ಇರುವಲ್ಲಿಗೆ ಕರೆತರುವ ಪ್ರಯತ್ನವೂ ಆಗಬೇಕು.

4. ಎರಡು ಲೆಕ್ಕಗಳು

ಈಗ ಅಂಕಿಗಳಿಗೆ ಬರೋಣ. ಕೆಳಗಿನ ಎರಡೂ ಉದಾಹರಣೆಗಳಲ್ಲಿನ ಮೊತ್ತಗಳು ವಿವರಣೆಗಾಗಿ ಇಟ್ಟುಕೊಂಡವು. ಸದಸ್ಯರು ತಮ್ಮ ತಮ್ಮ ಅಂಕಿಗಳನ್ನು ಹಾಕಿ ನೋಡಬೇಕು.

ಮೊದಲ ಉದಾಹರಣೆ: 12 ಕೋಣೆಗಳ ವಸತಿಗೃಹ

ಒಟ್ಟು ಬಂಡವಾಳ ರೂ. 90 ಲಕ್ಷ, ಇದರಲ್ಲಿ ಬ್ಯಾಂಕ್ ಸಾಲ ರೂ. 60 ಲಕ್ಷ. ತೆರಿಗೆ ಹೊರತಾಗಿ ಕೋಣೆಯ ದಿನದ ಬಾಡಿಗೆ ರೂ. 1,500. ವಾರ್ಷಿಕ ಸ್ಥಿರ ವೆಚ್ಚ ಹೀಗಿರಲಿ:

ಸಾಲದ ಮೇಲಿನ ಬಡ್ಡಿ (ಶೇ. 11): ರೂ. 6,60,000
ಸವಕಳಿ: ರೂ. 6,00,000
ನಾಲ್ವರು ಸಿಬ್ಬಂದಿಯ ವೇತನ (ತಿಂಗಳಿಗೆ ತಲಾ ರೂ. 15,000): ರೂ. 7,20,000
ದುರಸ್ತಿ, ವಿಮೆ, ಪರವಾನಗಿ, ಕನಿಷ್ಠ ವಿದ್ಯುತ್ ಶುಲ್ಕ: ರೂ. 3,00,000
ಒಟ್ಟು: ರೂ. 22,80,000

ಒಂದು ಕೋಣೆ ಒಂದು ದಿನ ಬಾಡಿಗೆಗೆ ಹೋದಾಗ ತಗಲುವ ಹೆಚ್ಚುವರಿ ವೆಚ್ಚ (ಬಟ್ಟೆ ಒಗೆಸುವುದು, ನೀರು, ವಿದ್ಯುತ್, ಬುಕಿಂಗ್ ಕಮಿಷನ್) ರೂ. 300 ಎಂದಿಟ್ಟುಕೊಂಡರೆ, ಸ್ಥಿರ ವೆಚ್ಚವನ್ನು ಭರಿಸಲು ಉಳಿಯುವುದು ರೂ. 1,200. ರೂ. 22,80,000ನ್ನು 1,200ರಿಂದ ಭಾಗಿಸಿದರೆ 1,900 ಬರುತ್ತದೆ. ಅಂದರೆ ವರ್ಷದಲ್ಲಿ 1,900 ಕೋಣೆ-ದಿನಗಳು ತುಂಬಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ವರ್ಷದ ಒಟ್ಟು ಸಾಮರ್ಥ್ಯ 12 × 365 = 4,380 ಕೋಣೆ-ದಿನಗಳು. ಆದ್ದರಿಂದ ಶೇಕಡಾ 43ಕ್ಕಿಂತ ಸ್ವಲ್ಪ ಹೆಚ್ಚು ಕೋಣೆಗಳು ತುಂಬಿದರೆ ಸಾಕೆಂದು ಯೋಜನಾ ವರದಿ ಹೇಳುತ್ತದೆ. ಕೇಳಲು ಸುಲಭವಾಗಿದೆ.

ಆದರೆ ನಮ್ಮ ಭಾಗದ ಬೇಸಿಗೆಯಲ್ಲಿ ಕೋಟೆಯ ಬಂಡೆ ಹತ್ತುವವರು ಯಾರು? ಪ್ರವಾಸದ ಕಾಲವೆಂದರೆ ಅಕ್ಟೋಬರಿನಿಂದ ಫೆಬ್ರುವರಿಯವರೆಗೆ, 151 ದಿನಗಳು. ಆ ಅವಧಿಯಲ್ಲಿ ಹನ್ನೆರಡೂ ಕೋಣೆಗಳು ಒಂದು ದಿನವೂ ಬಿಡದೆ ತುಂಬಿದವೆಂದೇ ಭಾವಿಸಿದರೂ 12 × 151 = 1,812 ಕೋಣೆ-ದಿನಗಳಾಗುತ್ತವೆ. ಇದು 1,900ಕ್ಕಿಂತ ಕಡಿಮೆ. ಅಂದರೆ ಕೇವಲ ಪ್ರವಾಸಿಗರನ್ನು ನಂಬಿದ ವಸತಿಗೃಹವು ಪೂರ್ಣ ಭರ್ತಿಯಾಗಿಯೂ ನಷ್ಟದಲ್ಲಿ ನಡೆಯುತ್ತದೆ.

ಸಾಲದ ಅಸಲನ್ನು ಎಂಟು ವರ್ಷಗಳಲ್ಲಿ ತೀರಿಸಬೇಕಾದರೆ ವರ್ಷಕ್ಕೆ ರೂ. 7,50,000 ಬೇಕು. ಸವಕಳಿಯು ಕೈಯಿಂದ ಹೋಗುವ ನಗದಲ್ಲವಾದ್ದರಿಂದ ಅದನ್ನು ಕಳೆದು ಅಸಲಿನ ಕಂತನ್ನು ಸೇರಿಸಿದರೆ ನಗದಿನ ಅಗತ್ಯ ರೂ. 24,30,000 ಆಗುತ್ತದೆ; ಅದಕ್ಕೆ 2,025 ಕೋಣೆ-ದಿನಗಳು ತುಂಬಬೇಕು. ಕಾಗದದ ಮೇಲೆ ಲಾಭ ತೋರಿಸುತ್ತಲೇ ಕಂತು ಕಟ್ಟಲಾಗದೆ ಖಾತೆ ಅನುತ್ಪಾದಕವಾಗುವುದು ಹೀಗೆ. ಆದುದರಿಂದ ವಸತಿಗೃಹದ ಮೂಲ ಗಿರಾಕಿಗಳು ಊರಿಗೆ ಕೆಲಸದ ಮೇಲೆ ಬರುವವರು, ಆಸ್ಪತ್ರೆಗೆ ಬರುವವರು, ಮದುವೆಗೆ ಬರುವವರು ಆಗಿರಬೇಕು. ಪ್ರವಾಸಿಗರಿಂದ ಬರುವುದನ್ನು ಹೆಚ್ಚುವರಿಯೆಂದೇ ಗಣಿಸಬೇಕು.

ಎರಡನೆಯ ಉದಾಹರಣೆ: ಇರುವ ಘಟಕದಲ್ಲಿಯೇ ಮಾರಾಟದ ಕೌಂಟರ್

ಜೀನ್ಸ್ ಘಟಕವೊಂದು ತನ್ನ ಆವರಣದಲ್ಲಿಯೇ ಸಂದರ್ಶಕರಿಗಾಗಿ ಒಂದು ಮಾರಾಟದ ಕೌಂಟರ್ ತೆರೆಯುತ್ತದೆ ಎಂದುಕೊಳ್ಳೋಣ. ಹೆಚ್ಚುವರಿ ವೆಚ್ಚವೆಂದರೆ ಒಬ್ಬ ಮಾರಾಟಗಾರನ ವೇತನ ತಿಂಗಳಿಗೆ ರೂ. 12,000 ಮತ್ತು ದೀಪ, ಕಪಾಟು ಇತ್ಯಾದಿಗೆ ರೂ. 3,000, ವರ್ಷಕ್ಕೆ ರೂ. 1,80,000. ಒಂದು ಪ್ಯಾಂಟಿನ ತಯಾರಿಕಾ ವೆಚ್ಚ ರೂ. 450, ಮಾರಾಟ ಬೆಲೆ ರೂ. 700 ಆದರೆ ಉಳಿಯುವುದು ರೂ. 250. ವರ್ಷಕ್ಕೆ 720 ಪ್ಯಾಂಟುಗಳು, ಅಂದರೆ ದಿನಕ್ಕೆ ಎರಡು ಮಾರಾಟವಾದರೆ ವೆಚ್ಚ ಸರಿದೂಗುತ್ತದೆ. ಕೌಂಟರ್ ನಡೆಯದಿದ್ದರೆ ಮೂರು ತಿಂಗಳಲ್ಲಿ ಮುಚ್ಚಬಹುದು, ನಷ್ಟ ರೂ. 45,000ದ ಆಸುಪಾಸಿನಲ್ಲಿ ನಿಲ್ಲುತ್ತದೆ. ವಸತಿಗೃಹವನ್ನು ಹಾಗೆ ಮುಚ್ಚಲು ಬರುವುದಿಲ್ಲ.

ಈ ಎರಡು ಲೆಕ್ಕಗಳನ್ನು ಹೋಲಿಸಿದಾಗ ದೊರೆಯುವ ಸೂತ್ರವಿಷ್ಟೆ: ಪರಂಪರೆಯ ಹೆಸರಿನಲ್ಲಿ ಹೊಸ ಸ್ಥಿರ ಆಸ್ತಿ ಕಟ್ಟುವ ಮೊದಲು, ಇರುವ ವ್ಯಾಪಾರಕ್ಕೆ ಸಂದರ್ಶಕನನ್ನು ಸೇರಿಸಿಕೊಳ್ಳುವ ದಾರಿಯನ್ನು ಹುಡುಕಬೇಕು.

ಇನ್ನು ಸಹಾಯಧನದ ಕುರಿತು ಒಂದು ಮಾತು. ಪ್ರವಾಸೋದ್ಯಮ ನೀತಿಗಳಲ್ಲಿ ಬಂಡವಾಳ ಸಹಾಯಧನದ ಭರವಸೆ ಇರುತ್ತದೆ. ಲೆಕ್ಕಪತ್ರ ಮಾನಕ 12ರ ಪ್ರಕಾರ, ಷರತ್ತುಗಳನ್ನು ಪಾಲಿಸುತ್ತೇವೆಂಬ ಮತ್ತು ಹಣ ಖಂಡಿತ ಕೈಸೇರುತ್ತದೆಂಬ ಸಮಂಜಸ ಭರವಸೆ ಇದ್ದಾಗ ಮಾತ್ರ ಸರ್ಕಾರದ ಅನುದಾನವನ್ನು ಪುಸ್ತಕಕ್ಕೆ ತೆಗೆದುಕೊಳ್ಳಬೇಕು. ಹೂಡಿಕೆಯ ನಿರ್ಧಾರದಲ್ಲಿಯೂ ಇದೇ ನಿಯಮವನ್ನು ಪಾಲಿಸುವುದು ಕ್ಷೇಮ. ಸಹಾಯಧನವಿಲ್ಲದೆ ನಿಲ್ಲದ ಯೋಜನೆಯು ಸಹಾಯಧನ ಬಂದ ಮೇಲೂ ಬಹುಕಾಲ ನಿಲ್ಲುವುದಿಲ್ಲ.

5. ಕಾನೂನಿನ ಗಡಿಗೆರೆ

ಪರಂಪರೆಯ ತಾಣದ ಪಕ್ಕದ ಜಾಗಕ್ಕೆ ಬೆಲೆ ಹೆಚ್ಚು ಎಂದು ಖರೀದಿಸಲು ಮುಂದಾಗುವವರು ಮೊದಲು ಅಳತೆ ಪಟ್ಟಿ ಹಿಡಿಯಬೇಕು. 1958ರ ಪ್ರಾಚೀನ ಸ್ಮಾರಕಗಳ ಕೇಂದ್ರ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಸ್ಮಾರಕದ ರಕ್ಷಿತ ಗಡಿಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ; ಇಲ್ಲಿ ಹೊಸ ನಿರ್ಮಾಣಕ್ಕೆ ಅವಕಾಶವಿಲ್ಲ. ಅದರಾಚೆ ಮತ್ತೆ 200 ಮೀಟರ್‌ವರೆಗೆ ನಿಯಂತ್ರಿತ ಪ್ರದೇಶ. ಇಲ್ಲಿ ಸಕ್ಷಮ ಪ್ರಾಧಿಕಾರದ ಅನುಮತಿ ಪಡೆದು ಕಟ್ಟಬೇಕು. ನಿಷೇಧಿತ ಪ್ರದೇಶದಲ್ಲಿರುವ ಹಳೆಯ ಕಟ್ಟಡದ ದುರಸ್ತಿಗೂ ಅನುಮತಿ ಬೇಕು. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ರಾಜ್ಯ ಅಧಿನಿಯಮ ಅನ್ವಯಿಸುತ್ತದೆ. ಗ್ರಾಮ ಪಂಚಾಯಿತಿ ಅಥವಾ ಪಾಲಿಕೆಯ ಪರವಾನಗಿ ಒಂದೇ ಸಾಕೆಂದು ಭಾವಿಸುವಂತಿಲ್ಲ.

ಇದನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. 2011ರ ಜುಲೈನಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ತೆರವುಗೊಳಿಸಲಾಯಿತು. ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡೆಯ ರೆಸಾರ್ಟುಗಳ ವಿಷಯದಲ್ಲಿ ಉಚ್ಚ ನ್ಯಾಯಾಲಯದ ತೀರ್ಪನ್ನು 2020ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಮಾರ್ಚ್ ತಿಂಗಳಲ್ಲಿ ಕಟ್ಟಡಗಳನ್ನು ನೆಲಸಮ ಮಾಡಲಾಯಿತು. ವರ್ಷಾನುಗಟ್ಟಲೆ ನಡೆದ ವ್ಯಾಪಾರ, ಕಟ್ಟಿದ ತೆರಿಗೆ, ಇದ್ದ ಗಿರಾಕಿಗಳು ಯಾವುವೂ ಆ ಬಂಡವಾಳವನ್ನು ಉಳಿಸಲಿಲ್ಲ. ಇಂತಹ ನಷ್ಟಕ್ಕೆ ವಿಮೆಯೂ ಇಲ್ಲ. ಆದ್ದರಿಂದ ಭೂಮಿಯ ಮುಂಗಡ ಕೊಡುವ ಮೊದಲೇ ಸ್ಮಾರಕದ ಅಧಿಸೂಚನೆ, ರಕ್ಷಿತ ಗಡಿಯ ನಕ್ಷೆ ಮತ್ತು ಆ ಗಡಿಯಿಂದ ನಿವೇಶನಕ್ಕಿರುವ ಅಂತರದ ಲಿಖಿತ ದೃಢೀಕರಣವನ್ನು ಪಡೆದಿಟ್ಟುಕೊಳ್ಳಬೇಕು.

6. ತೆರಿಗೆಯ ಕೆಲವು ಅಂಶಗಳು

ಅ) ದಿನಕ್ಕೆ ರೂ. 7,500ರವರೆಗಿನ ಬಾಡಿಗೆಯ ಕೋಣೆಗಳ ಮೇಲೆ 2025ರ ಸೆಪ್ಟೆಂಬರ್ 22ರಿಂದ ಶೇ. 5 ಜಿಎಸ್‌ಟಿ ಇದ್ದು, ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಹಿಂದಿನ ಶೇ. 12ಕ್ಕೆ ಹೋಲಿಸಿದರೆ ಗಿರಾಕಿಗೆ ಅನುಕೂಲ. ಆದರೆ ಮಂಚ, ಹಾಸಿಗೆ, ಹವಾನಿಯಂತ್ರಕಗಳ ಮೇಲೆ ಕೊಟ್ಟ ತೆರಿಗೆಯು ಮಾಲೀಕನಿಗೆ ವೆಚ್ಚವೇ ಆಗುತ್ತದೆಂಬುದನ್ನು ಯೋಜನಾ ವರದಿಯಲ್ಲಿ ಸೇರಿಸಬೇಕು.

ಆ) ನಮ್ಮ ರಾಜ್ಯದಲ್ಲಿ ಕೇವಲ ಸರಕು ಮಾರುವವರಿಗೆ ನೋಂದಣಿಯ ಮಿತಿ ಸಾಮಾನ್ಯವಾಗಿ ವಾರ್ಷಿಕ ವಹಿವಾಟು ರೂ. 40 ಲಕ್ಷ, ಸೇವೆ ನೀಡುವವರಿಗೆ ರೂ. 20 ಲಕ್ಷ. ಅಂಗಡಿಯ ಮೇಲೆ ಎರಡು ಕೋಣೆ ಬಾಡಿಗೆಗೆ ಕೊಡಲು ಆರಂಭಿಸಿದವರು ಈ ವ್ಯತ್ಯಾಸವನ್ನು ಮರೆಯಬಾರದು.

ಇ) ಸಿದ್ಧ ಉಡುಪಿನ ಮೇಲೆ ಪ್ರತಿ ತುಂಡಿಗೆ ರೂ. 2,500ರವರೆಗೆ ಶೇ. 5, ಅದಕ್ಕಿಂತ ಹೆಚ್ಚಿನ ಬೆಲೆಗೆ ಶೇ. 18 ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಜಾರಿಯಲ್ಲಿದೆ. ಕಸೂತಿ ಸೇರಿಸಿ ಬೆಲೆ ಏರಿಸುವ ಮೊದಲು ಈ ಗಡಿಯನ್ನು ನೋಡಬೇಕು.

ಈ) ಸಿರುಗುಪ್ಪದ ಗಿರಣಿಯವರು ಸಂದರ್ಶಕರಿಗಾಗಿ ಒಂದು, ಎರಡು ಕಿಲೋ ಅಕ್ಕಿಯ ಪೊಟ್ಟಣ ಮಾಡುವುದಾದರೆ, ಮೊದಲೇ ತೂಕ ಮಾಡಿ ಚೀಟಿ ಅಂಟಿಸಿದ 25 ಕಿಲೋವರೆಗಿನ ಪೊಟ್ಟಣಗಳಿಗೆ 2022ರ ಜುಲೈ 18ರಿಂದ ಶೇ. 5 ತೆರಿಗೆ ಇದೆ. ಜೊತೆಗೆ ಕಾನೂನುಬದ್ಧ ಮಾಪನ ನಿಯಮಗಳ ಪ್ರಕಾರ ತೂಕ, ಬೆಲೆ, ತಯಾರಕರ ವಿಳಾಸ ಮುದ್ರಿಸಬೇಕು. ಆಹಾರ ಸುರಕ್ಷತಾ ನೋಂದಣಿ ಅಥವಾ ಪರವಾನಗಿಯೂ ಇರಬೇಕು.

7. ಅದಿರು ಮತ್ತು ಬೆಟ್ಟ

2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿದಾಗ ಲಾರಿ ಮಾಲೀಕರಿಂದ ಹಿಡಿದು ಟೈರ್ ಅಂಗಡಿ, ಊಟದ ಹೋಟೆಲುಗಳವರೆಗೆ ಎಷ್ಟು ವ್ಯಾಪಾರಗಳು ತತ್ತರಿಸಿದವೆಂಬುದು ಸದಸ್ಯರಿಗೆ ತಿಳಿಯದ್ದಲ್ಲ. ಗಣಿಗಾರಿಕೆ ನಂತರ ಹಂತಹಂತವಾಗಿ ಆರಂಭವಾದರೂ ಒಂದೇ ಮೂಲವನ್ನು ನಂಬಿದ ಜಿಲ್ಲೆಯ ಅಪಾಯ ಅಂದು ಬಯಲಾಯಿತು.

ಲೆಕ್ಕಶಾಸ್ತ್ರದಲ್ಲಿ ಗಣಿಯನ್ನು ಕ್ಷಯಿಸುವ ಆಸ್ತಿ ಎನ್ನುತ್ತೇವೆ. ತೆಗೆದಷ್ಟೂ ಕಡಿಮೆಯಾಗುವ, ಒಮ್ಮೆ ಮಾರಿದರೆ ಮತ್ತೆ ಮಾರಲಾಗದ ಆಸ್ತಿ ಅದು. ಸಂಗನಕಲ್ಲಿನ ಬೆಟ್ಟವನ್ನು ಕಲ್ಲು ಕ್ವಾರಿಯಾಗಿ ನೋಡಿದರೆ ಅದೂ ಕ್ಷಯಿಸುವ ಆಸ್ತಿಯೇ. ಹಿಂದೆ ಈ ಗುಡ್ಡಗಳ ಸುತ್ತ ನಡೆದ ಕಲ್ಲು ಗಣಿಗಾರಿಕೆಯಿಂದ ಪ್ರಾಚೀನ ನೆಲೆಗೆ ಹಾನಿಯಾಯಿತೆಂಬುದನ್ನು ಸಂಶೋಧಕರು ದಾಖಲಿಸಿದ್ದಾರೆ. ಒಂದು ಟನ್ ಜಲ್ಲಿಗೆ ದೊರೆಯುವ ಬೆಲೆ ಎಲ್ಲೆಡೆ ಒಂದೇ. 3,500 ವರ್ಷಗಳ ಹಿಂದಿನ ಕೊಡಲಿ ಕಾರ್ಖಾನೆಯ ಬೆಟ್ಟ ಮತ್ತೊಂದು ಸಿಗುವುದಿಲ್ಲ. ಅದೇ ಬೆಟ್ಟವನ್ನು ನೋಡುವ ತಾಣವಾಗಿ ಉಳಿಸಿಕೊಂಡರೆ ಪ್ರತಿ ವರ್ಷವೂ ಅದನ್ನು ತೋರಿಸಬಹುದು, ಆಸ್ತಿ ಮಾತ್ರ ಹಾಗೆಯೇ ಇರುತ್ತದೆ.

2015ರಲ್ಲಿ ಗಣಿ ಮತ್ತು ಖನಿಜ ಕಾಯಿದೆಗೆ ಆದ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ರಚನೆಯಾದವು. ಗಣಿ ಬಾಧಿತ ಪ್ರದೇಶಗಳಿಗಾಗಿರುವ ಈ ನಿಧಿಯಲ್ಲಿ ಕುಡಿಯುವ ನೀರು, ನೈರ್ಮಲ್ಯ, ರಸ್ತೆ ಮೊದಲಾದ ಕೆಲಸಗಳಿಗೆ ಅವಕಾಶವಿದೆ. ಸಂಡೂರಿನ ಬೆಟ್ಟದ ದೇವಾಲಯಗಳಿಗೆ ಹೋಗುವ ದಾರಿಯಲ್ಲಿ ನೀರು, ಶೌಚಾಲಯ ಮತ್ತು ನೆರಳು ಒದಗಿಸುವುದು ಅಲ್ಲಿಯ ನಿವಾಸಿಗಳಿಗೂ ಸಂದರ್ಶಕರಿಗೂ ಉಪಯುಕ್ತವಾದ ಬೇಡಿಕೆ. ಕುಟುಂಬವೊಂದು ಅರ್ಧ ಗಂಟೆಯಲ್ಲಿ ಹೊರಡುವುದೋ ಮೂರು ಗಂಟೆ ನಿಲ್ಲುವುದೋ ಎಂಬುದನ್ನು ಅನೇಕ ಬಾರಿ ನಿರ್ಧರಿಸುವುದು ಶಿಲ್ಪದ ಸೊಬಗಲ್ಲ, ಹೆಣ್ಣುಮಕ್ಕಳಿಗೆ ಸ್ವಚ್ಛ ಶೌಚಾಲಯವಿದೆಯೇ ಎಂಬ ಸಂಗತಿ.

8. ನಾವು ಆರಂಭಿಸಬಹುದಾದ ಕೆಲಸ

ಸರ್ಕಾರವನ್ನು ಕೇಳುವ ಮೊದಲು ನಮ್ಮ ಕೈಯಲ್ಲಿ ಅಂಕಿಗಳಿರಬೇಕು. ಪಾರ್ವತಿನಗರದ ಹೋಟೆಲು, ಕೋಟೆಯ ಬಳಿಯ ಅಂಗಡಿ, ಕುರುಗೋಡಿನ ಖಾನಾವಳಿ, ಸಿರುಗುಪ್ಪ ರಸ್ತೆಯ ಪೆಟ್ರೋಲ್ ಬಂಕ್ ಹೀಗೆ ಇಪ್ಪತ್ತು ಸದಸ್ಯರು ಸೇರಿ ಅಕ್ಟೋಬರಿನಿಂದ ಫೆಬ್ರುವರಿಯವರೆಗೆ ಒಂದೊಂದು ನೋಟ್‌ಬುಕ್ ಇಟ್ಟರೆ ಸಾಕು. ಹೊರಊರಿನ ಗಿರಾಕಿ ಬಂದಾಗ ನಾಲ್ಕು ವಿಷಯಗಳನ್ನು ಗುರುತು ಹಾಕಿಕೊಳ್ಳಬೇಕು: ಎಲ್ಲಿಂದ ಬಂದರು, ಏನು ನೋಡಲು ಬಂದರು, ಎಷ್ಟು ಹೊತ್ತು ಇರುತ್ತಾರೆ, ಏನು ಕೇಳಿದರು ಮತ್ತು ಅದು ನಮ್ಮಲ್ಲಿ ಇತ್ತೇ ಇಲ್ಲವೇ. ಹೆಸರು, ದೂರವಾಣಿ ಸಂಖ್ಯೆ ಬೇಕಿಲ್ಲ. ಇದಕ್ಕೆ ತಗಲುವ ವೆಚ್ಚ ಇಪ್ಪತ್ತು ನೋಟ್‌ಬುಕ್‌ಗಳ ಬೆಲೆ ಮಾತ್ರ.

ಒಂದು ಋತುವಿನ ನಂತರ ಈ ಪುಸ್ತಕಗಳನ್ನು ಒಟ್ಟುಗೂಡಿಸಿದರೆ, ಯಾವ ತಾಣದಲ್ಲಿ ಜನ ನಿಲ್ಲುತ್ತಾರೆ, ಎಲ್ಲಿ ನಿಲ್ಲದೆ ಹೋಗುತ್ತಾರೆ, ‘ಇಲ್ಲ’ ಎಂದು ಕಳುಹಿಸಿದ ಸರಕು ಯಾವುದು ಎಂಬ ಮಾಹಿತಿ ದೊರೆಯುತ್ತದೆ. ವಸ್ತುಸಂಗ್ರಹಾಲಯದ ವೇಳೆ, ಕೋಟೆಯ ಬಳಿಯ ವಾಹನ ನಿಲುಗಡೆ, ಸಂಗನಕಲ್ಲಿಗೆ ಮಾರ್ಗದರ್ಶಕರ ತರಬೇತಿ ಇವುಗಳ ಬಗ್ಗೆ ಜಿಲ್ಲಾಡಳಿತದ ಮುಂದೆ ಹೋಗುವಾಗ ಮನವಿಪತ್ರದ ಜೊತೆಗೆ ಈ ಕೋಷ್ಟಕವನ್ನೂ ಇಡಬಹುದು. ಮನವಿಗಳು ಕಡತ ಸೇರುತ್ತವೆ, ಅಂಕಿಗಳಿಗೆ ಉತ್ತರ ಕೊಡಬೇಕಾಗುತ್ತದೆ.

ಪರಂಪರೆಯು ನಮ್ಮ ಹಿರಿಯರು ಬಿಟ್ಟುಹೋದ ಬಂಡವಾಳ. ಬಂಡವಾಳವನ್ನು ಖರ್ಚು ಮಾಡದೆ ಅದರ ಬಡ್ಡಿಯಿಂದ ಬಾಳುವುದು ವ್ಯಾಪಾರಿ ಮನೆತನಗಳಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಸದಸ್ಯರು ಬರುವ ಅಕ್ಟೋಬರಿಗೆ ಮೊದಲು ತಮ್ಮ ಸಮ್ಮತಿಯನ್ನು ಸಂಸ್ಥೆಯ ಕಚೇರಿಗೆ ತಿಳಿಸಿದಲ್ಲಿ, ನೋಟ್‌ಬುಕ್‌ನ ನಮೂನೆಯನ್ನು ಸಿದ್ಧಪಡಿಸಿ ಕೊಡುವ ಮತ್ತು ಋತುವಿನ ಕೊನೆಯಲ್ಲಿ ಅಂಕಿಗಳನ್ನು ಕ್ರೋಡೀಕರಿಸುವ ಕೆಲಸವನ್ನು ಈ ಲೇಖಕನು ಸಂತೋಷದಿಂದ ವಹಿಸಿಕೊಳ್ಳುತ್ತಾನೆ.